ಎಟಿಪಿ ಸೆನ್ಸರ್ ಅಡೆನೋಸಿನ್‌ಗೂ ಹೊಳೆಯುತ್ತಿದೆ, ಸಹಾಯ ಬೇಕು

ಪಿಪೆಟ್‌ಪ್ರಿಯ:
ತಲೆ ಕೆಟ್ಟು ಹೋಗಿದೆ. ನನ್ನ ಡಿಎನ್‌ಎ ಆಪ್ಟಮರ್ (ಒಂದು ಅಣುವನ್ನು ಗುರುತಿಸಿ ಹಿಡಿಯುವ ಡಿಎನ್‌ಎ ಎಳೆ) ಸೆನ್ಸರ್ ಎಟಿಪಿಗೆ, ಅಂದರೆ ಕೋಶದ ಶಕ್ತಿಯ ಅಣುವಿಗೆ, ಚೆನ್ನಾಗಿ ಹೊಳೆಯುತ್ತದೆ. ಆದರೆ ಒಂದೇ ಫಾಸ್ಫೇಟ್ ಇರುವ ಎಎಂಪಿಗೂ ಹೊಳೆಯುತ್ತದೆ, ಫಾಸ್ಫೇಟೇ ಇಲ್ಲದ ಅಡೆನೋಸಿನ್‌ಗೂ ಅಷ್ಟೇ. ಬೇಸ್ ಬೇರೆಯಾದ ಜಿಟಿಪಿಗೆ ಮಾತ್ರ ಸುಮ್ಮನಿರುತ್ತದೆ. ಹೊಸ ಆಲಿಗೋ (ಆ ಡಿಎನ್‌ಎ ಎಳೆ) ತರಿಸಿದರೂ ಅದೇ ಕಥೆ.

ಬಫರ್_ಗುರು:
ಬಫರ್ ದ್ರಾವಣದಲ್ಲಿ ಮೆಗ್ನೀಸಿಯಂ ಎಷ್ಟು? ಎಟಿಪಿ ತಾನೇ ಅದನ್ನು ಹಿಡಿದುಕೊಳ್ಳುತ್ತದೆ. ಜಾಸ್ತಿ ಹಾಕಿ.

ಪಿಪೆಟ್‌ಪ್ರಿಯ:
5 ಮಿಲಿಮೋಲಾರ್ ಇತ್ತು. ಹೆಚ್ಚಿಸಿದೆ, ಮೂರೂ ಇನ್ನಷ್ಟು ಹೊಳೆದವು.

ಬಫರ್_ಗುರು:
ಹಾಗಾದರೆ 1ಕ್ಕೆ ಇಳಿಸಿ. ಪಿಎಚ್ ಕೂಡ ನೋಡಿ.

ಚಿನ್ನದಕಣ:
ಈ ಹೊಳೆಯುವ ಟ್ಯಾಗ್ ಎಲ್ಲಾ ಯಾಕೆ? ನಾನು 13 ನ್ಯಾನೋಮೀಟರ್ ಚಿನ್ನದ ಕಣ ಬಳಸುತ್ತೇನೆ. ಕಣ ಬಿಡಿಯಾಗಿದ್ದರೆ ಕೆಂಪು, ಗುಂಪಾದರೆ ನೀಲಿ, ಬರಿಗಣ್ಣಿಗೇ ಕಾಣುತ್ತದೆ. ಮೀಟರೇ ಬೇಡ.

ಜಿ_ನಾಲ್ಕೆಳೆ:
ಅಡೆನೋಸಿನ್ ಚಿನ್ನಕ್ಕೆ ನೇರವಾಗಿ ಅಂಟುತ್ತದೆ. ಆಪ್ಟಮರ್ ಹಿಡಿಯದಿದ್ದರೂ ಬಣ್ಣ ಬದಲಾಗಬಹುದು. ಬೇಸ್‌ಗಳ (ಡಿಎನ್‌ಎ ಅಕ್ಷರಗಳ) ಕ್ರಮ ಕಲಸಿದ ಎಳೆ ಇಟ್ಟು ಹೋಲಿಸಿದ್ದೀರಾ?

ಚಿನ್ನದಕಣ:
ನನ್ನದು ವರ್ಷಗಳಿಂದ ಕೆಲಸ ಮಾಡುತ್ತಿದೆ.

ಜಿ_ನಾಲ್ಕೆಳೆ:
ಹೋಲಿಸಿ ನೋಡದೆ ಅದು ಗೊತ್ತಾಗುವುದಿಲ್ಲ. ಇರಲಿ, ಅದಕ್ಕೆ ಬೇರೆ ಚರ್ಚೆ ಶುರು ಮಾಡೋಣ. ಪಿಪೆಟ್‌ಪ್ರಿಯ, ನಿಮ್ಮದು 27 ಬೇಸ್‌ನ ಹಳೆಯ ಆಪ್ಟಮರ್ ತಾನೆ?

ಪಿಪೆಟ್‌ಪ್ರಿಯ:
ಹೌದು, ಎಲ್ಲರೂ ಅದನ್ನೇ ಬಳಸುತ್ತಾರಲ್ವಾ?

ಜಿ_ನಾಲ್ಕೆಳೆ:
ತೊಂದರೆ ಅಲ್ಲೇ ಇದೆ. ವಿಜ್ಞಾನಿಗಳಾದ ಹುಯಿಜೆಂಗಾ ಮತ್ತು ಶೋಸ್ಟಾಕ್ 1995ರಲ್ಲಿ ಬಗೆಬಗೆಯ ಎಳೆಗಳ ರಾಶಿಯಿಂದ ಆರಿಸಿದ್ದು ಅದು. ಅಡೆನಿನ್ ಬೇಸನ್ನು ಗುರುತಿಸುತ್ತದೆ, ಫಾಸ್ಫೇಟ್ ಬಾಲವನ್ನು ಲೆಕ್ಕಕ್ಕೇ ಇಡುವುದಿಲ್ಲ. 1997ರಲ್ಲಿ ಅದರ ರಚನೆ ಬಿಡಿಸಿದ್ದೂ ಎಎಂಪಿ ಕೂರಿಸಿಯೇ, ಒಂದು ಎಳೆಗೆ ಎರಡು ಅಣು. ಯಾವ ಬಫರೂ ಇದನ್ನು ಸರಿಮಾಡುವುದಿಲ್ಲ. ಅಡೆನೋಸಿನ್ ಡಿಅಮಿನೇಸ್ ಅನ್ನುವ ಕಿಣ್ವ ಹಾಕಿ. ಅಡೆನೋಸಿನ್ ಇನೋಸಿನ್ ಆಗುತ್ತದೆ, ಆಪ್ಟಮರ್ ಅದನ್ನು ಬಿಟ್ಟುಬಿಡುತ್ತದೆ.

ಬಫರ್_ಗುರು:
ಅಪೈರೇಸ್ ಕಿಣ್ವ ಹಾಕಿದರೆ ಎಟಿಪಿ ಹೋಗುತ್ತದೆ. ಮುಂಚೆ, ಆಮೇಲೆ ಅಳೆದು ಕಳೆಯಲಿ.

ಜಿ_ನಾಲ್ಕೆಳೆ:
ಅಪೈರೇಸ್‌ನಿಂದ ಉಳಿಯುವುದು ಎಎಂಪಿ. ಸೆನ್ಸರ್ ಅದಕ್ಕೂ ಹೊಳೆಯುತ್ತದೆ. ಕಳೆಯಲು ಏನೂ ಸಿಗುವುದಿಲ್ಲ.

ಪಿಪೆಟ್‌ಪ್ರಿಯ:
ಡಿಅಮಿನೇಸ್ ಹಾಕಿದೆ. ಅಡೆನೋಸಿನ್ ಹೊಳಪು ಬಿದ್ದುಹೋಯಿತು, ತುಂಬಾ ಥ್ಯಾಂಕ್ಸ್. ಎಎಂಪಿ ಹಾಗೇ ಇದೆ. ನನ್ನ ಸ್ಯಾಂಪಲ್ ಯೀಸ್ಟ್ ಕೋಶ ಒಡೆದು ತೆಗೆದ ರಸ, ಅದರಲ್ಲಿ ಎಎಂಪಿ ಇದ್ದೇ ಇರುತ್ತದೆ.

ಜಿ_ನಾಲ್ಕೆಳೆ:
ಯೀಸ್ಟ್ ಅಂತ ಮೊದಲೇ ಹೇಳಬೇಕಿತ್ತು! ಎಟಿಪಿ ಅಳತೆ ಮಾತ್ರ ಸಾಕಾದರೆ ಲೂಸಿಫರೇಸ್ (ಎಟಿಪಿ ಬಳಸಿ ಬೆಳಕು ಕೊಡುವ ಕಿಣ್ವ) ಬಳಸಿ. ಆಪ್ಟಮರೇ ಬೇಕಾದರೆ ಹೊಸದಾಗಿ ಆರಿಸಬೇಕು, ಎಎಂಪಿಗೆ ಅಂಟಿದ ಎಳೆಗಳನ್ನು ಸುತ್ತು ಸುತ್ತಿಗೂ ತೊಳೆದು ಎಸೆಯಬೇಕು. 1994ರಲ್ಲಿ ಥಿಯೋಫಿಲಿನ್ ಅನ್ನುವ ಔಷಧಕ್ಕೆ ಆರ್‌ಎನ್‌ಎ ಆಪ್ಟಮರ್ ಆರಿಸುವಾಗ ಕೆಫೀನ್‌ನಿಂದ ಹೀಗೇ ತೊಳೆದರು. ಆ ಎರಡಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಮೀಥೈಲ್ ಗುಂಪು. ಆದರೂ ಥಿಯೋಫಿಲಿನ್ ಮೇಲಿನ ಹಿಡಿತ 10,000 ಪಟ್ಟಿಗೂ ಹೆಚ್ಚು ಬಿಗಿಯಾಗಿ ಬಂತು.

ಪಿಪೆಟ್‌ಪ್ರಿಯ:
ಹಾಗಾದರೆ ಹೊಸದನ್ನೇ ಆರಿಸುತ್ತೇನೆ. ಎಎಂಪಿಯಿಂದ ತೊಳೆದು ಆರಿಸಿದವರು ಯಾರಾದರೂ ಇದ್ದರೆ ಪೂಲ್‌ನ (ಆರಂಭದ ಎಳೆಗಳ ರಾಶಿಯ) ಎಳೆ ಉದ್ದ, ತೊಳೆಯುವ ಎಎಂಪಿ ಪ್ರಮಾಣ ತಿಳಿಸಿ.