ಫೋಟೋದಲ್ಲಿ ಮೂವರು, ನಾಲ್ಕನೆಯವನು ಎಲ್ಲಿ?

ಗುಂಪು: ಹಳೇ ಬೆಂಚು, 1986 ಬ್ಯಾಚ್

ನಾಗೇಶ: [ಫೋಟೋ]

ನಾಗೇಶ: ಮಗಳು ತಂದಿರುವ ಎಲ್‌ಪಿ. ಬ್ಯಾಂಡಿನ ಹೆಸರು ದಿ ಕ್ಲ್ಯಾಶ್, ಆಲ್ಬಮ್ ಹೆಸರೂ ಅದೇ. ಮನೆಯಲ್ಲಿ ಪ್ಲೇಯರ್ ಇಲ್ಲ, ಆದರೂ ತಂದಿದ್ದಾಳೆ. ಕವರ್ ನೋಡಿ. ಮೂವರೂ ಬಾಕಿ ವಸೂಲಿಗೆ ಬಂದವರ ಹಾಗೆ ನಿಂತಿದ್ದಾರೆ.

ಶ್ರೀಧರ: ಲೋ, ಅದು 1977ರ ಏಪ್ರಿಲ್‌ನಲ್ಲಿ ಬಂದ ಅವರ ಮೊದಲ ಆಲ್ಬಮ್ ಕಣೋ. ಲಂಡನ್ನಿನ ಪಂಕ್, ಅದೇ ಆ ಒರಟು ಸಿಟ್ಟಿನ ರಾಕ್ ಸಂಗೀತ, ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಹಾಕಿ ಕೂರಿಸುತ್ತೇನೆ. ನಿನ್ನ ಮಗಳಿಗೆ ಶಭಾಷ್ ಹೇಳು.

ನಾಗೇಶ: ಶಭಾಷ್ ಆಮೇಲೆ. ನಾನೂ ಸ್ವಲ್ಪ ಓದಿದೆ. ಈ ಬಂಡಾಯಗಾರರು ಆಲ್ಬಮ್ ಬರುವ ಮೊದಲೇ, ಜನವರಿಯಲ್ಲೇ, ಸಿಬಿಎಸ್ ಕಂಪನಿಗೆ 1 ಲಕ್ಷ ಪೌಂಡ್‌ಗೆ ಸಹಿ ಹಾಕಿದ್ದರಂತೆ. ಅಮೆರಿಕದ ರೆಕಾರ್ಡ್ ಕಂಪನಿ. ಅದರ ದುಡ್ಡಲ್ಲೇ ಅಮೆರಿಕ ಅಂದರೆ ನಮಗೆ ಬೇಜಾರು ಅಂತ ಹಾಡು ಬೇರೆ!

ಶ್ರೀಧರ: ಈ ಮಾತು ಅವತ್ತೇ ಬಂದಿತ್ತು. ‘ಸ್ನಿಫಿನ್ ಗ್ಲೂ’ ಅಂತ ಜೆರಾಕ್ಸ್ ತೆಗೆದು ಹಂಚುತ್ತಿದ್ದ ಪಂಕ್ ಪತ್ರಿಕೆ ಇತ್ತು. ಅದನ್ನು ನಡೆಸುತ್ತಿದ್ದ ಮಾರ್ಕ್ ಪೆರಿ, ಕ್ಲ್ಯಾಶ್ ಸಿಬಿಎಸ್‌ಗೆ ಸಹಿ ಹಾಕಿದ ದಿನವೇ ಪಂಕ್ ಸತ್ತಿತು ಅಂದುಬಿಟ್ಟ. ಆದರೆ ಆಲ್ಬಮ್‌ಗೆ ಆದ ಖರ್ಚು ಸುಮಾರು 4,000 ಪೌಂಡ್ ಅಷ್ಟೇ. ವಿಟ್‌ಫೀಲ್ಡ್ ಸ್ಟ್ರೀಟಿನ ಸಿಬಿಎಸ್ ಸ್ಟುಡಿಯೋದಲ್ಲಿ, ಮೂರು ವಾರಾಂತ್ಯಗಳಲ್ಲಿ ಮುಗಿಸಿಬಿಟ್ಟರು. ಹೆಸರುವಾಸಿ ನಿರ್ಮಾಪಕ ಯಾರೂ ಬೇಡ ಅಂತ, ತಮ್ಮ ಕಾರ್ಯಕ್ರಮಗಳಿಗೆ ಸೌಂಡ್ ನೋಡಿಕೊಳ್ಳುತ್ತಿದ್ದ ಮಿಕ್ಕಿ ಫೂಟ್‌ನನ್ನೇ ಕೂರಿಸಿದರು. 14 ಹಾಡು, 35 ನಿಮಿಷ.

ನಾಗೇಶ: ಖರ್ಚು ಕಮ್ಮಿ ಮಾಡಿದರೆ ಸಹಿ ಅಳಿಸಿಹೋಗುತ್ತದಾ?

ಶ್ರೀಧರ: ಇಲ್ಲಪ್ಪಾ. ಅದರ ಬೆಲೆಯನ್ನೂ ಕೊಟ್ಟರು. ಅದೇ ವರ್ಷ ಕಂಪನಿ ಇವರನ್ನು ಒಂದು ಮಾತೂ ಕೇಳದೆ ‘ರಿಮೋಟ್ ಕಂಟ್ರೋಲ್’ ಹಾಡನ್ನು ಸಿಂಗಲ್ ಆಗಿ, ಅಂದರೆ ಬಿಡಿ ರೆಕಾರ್ಡ್ ಆಗಿ, ಬಿಟ್ಟಿತು. ಉರಿದುಹೋಗಿ ‘ಕಂಪ್ಲೀಟ್ ಕಂಟ್ರೋಲ್’ ಬರೆದರು. ಕಂಪನಿಯನ್ನು ಬೈಯುವ ಹಾಡು, ಅದೇ ಕಂಪನಿಯ ಲೇಬಲ್ ಮೇಲೆ. ನಿಮ್ಮ ಆಫೀಸಿನ ನೋಟಿಸ್ ಬೋರ್ಡಿನಲ್ಲಿ ನೀನು ಎಂಡಿ ಬಗ್ಗೆ ಹೀಗೆ ಬರೆದು ಅಂಟಿಸಿದ್ದೀಯಾ?

ಗುರುರಾಜ್ (ಅಡ್ಮಿನ್): ಶುಭರಾತ್ರಿ ಮಿತ್ರರೇ. [ಗುಲಾಬಿ ಹೂವಿನ ಚಿತ್ರ]

ನಾಗೇಶ: ಹಾಡಿನ ಪಟ್ಟಿಯಲ್ಲಿ ‘ವೈಟ್ ರಯಟ್’ ಅಂತ ಇದೆ. ಬಿಳಿಯರ ಗಲಭೆ! ಇದಕ್ಕೂ ಶಭಾಷ್ ಹೇಳಬೇಕಾ ಶ್ರೀಧರ?

ಗುರುರಾಜ್ (ಅಡ್ಮಿನ್): ದಯವಿಟ್ಟು ಗುಂಪಿನಲ್ಲಿ ರಾಜಕೀಯ ಬೇಡ.

ಸುಮಾ: ಗುರು, ಸುಮ್ನೆ ಇರು ಸ್ವಲ್ಪ. ಇದು ರಾಜಕೀಯ ಇಲ್ಲದೆ ಅರ್ಥವಾಗುವ ರೆಕಾರ್ಡ್ ಅಲ್ಲ. ನಾಗೇಶ, ಕವರ್ ತಿರುಗಿಸು. ಹಿಂಬದಿಯಲ್ಲಿ ಪೊಲೀಸರು ಓಡಿಬರುತ್ತಿರುವ ಫೋಟೋ ಇದೆಯಲ್ಲ, ಅದು ಇಲ್ಲಿ ಲಂಡನ್ನಿನಲ್ಲಿ, ವೆಸ್ಟ್‌ವೇ ಅನ್ನುವ ಫ್ಲೈಓವರ್ ಕೆಳಗೆ ತೆಗೆದದ್ದು. ಆ ಕಡೆ ಕೆಲಸವಿದ್ದಾಗ ನಾನು ಈಗಲೂ ಅದರ ಕೆಳಗೇ ನಡೆದು ಹೋಗುತ್ತೇನೆ. 1976ರ ಆಗಸ್ಟ್ 30, ನಾಟಿಂಗ್ ಹಿಲ್ ಕಾರ್ನಿವಲ್. ಕೆರಿಬಿಯನ್ ದ್ವೀಪಗಳಿಂದ ಬಂದು ನೆಲೆಸಿದವರ ಜಾತ್ರೆ ಅದು. ಆಗ ಇಲ್ಲಿ ‘ಸಸ್’ ಅಂತ ಒಂದು ಕಾನೂನು ನಡೆಯುತ್ತಿತ್ತು. 1824ರ ಅಲೆಮಾರಿಗಳ ಕಾಯ್ದೆ. ಏನೂ ಮಾಡದಿದ್ದರೂ ಬರೀ ಅನುಮಾನದ ಮೇಲೆ ಹಿಡಿದುಕೊಂಡು ಹೋಗಬಹುದಿತ್ತು. ಸಿಕ್ಕಿಬೀಳುತ್ತಿದ್ದವರು ಜಾಸ್ತಿ ಕಪ್ಪು ಹುಡುಗರೇ. ಆ ವರ್ಷ ಜಾತ್ರೆಗೆ ಸಾವಿರಾರು ಪೊಲೀಸರನ್ನು ಇಳಿಸಿದರು. ಸಂಜೆಯ ಹೊತ್ತಿಗೆ ಕಲ್ಲು, ಇಟ್ಟಿಗೆ, ಬಾಟಲಿ. ಹಾಡುಗಾರ ಜೋ ಸ್ಟ್ರಮರ್, ಬಾಸ್ ಗಿಟಾರಿನ ಪಾಲ್ ಸಿಮನನ್ ಇಬ್ಬರೂ ಆ ಗಲಾಟೆಯ ಮಧ್ಯೆ ಇದ್ದರು. ‘ವೈಟ್ ರಯಟ್’ ಹುಟ್ಟಿದ್ದು ಅಲ್ಲಿಂದ.

ಸುಮಾ: ಹಾಡು ಹೇಳುವುದು ಏನು ಗೊತ್ತಾ? ಕಪ್ಪು ಜನ ತಮಗಾದ ಅನ್ಯಾಯಕ್ಕೆ ಎದುರು ನಿಂತಿದ್ದಾರೆ, ನಾವು ಬಿಳಿಯರು ಶಾಲೆಗೆ ಹೋಗಿ ದಡ್ಡರಾಗಿ ಬರುತ್ತಿದ್ದೇವೆ ಅಂತ. ಅವರ ಮೇಲೆ ಬೀಳಿ ಅಂತಲ್ಲ, ಅವರ ಹಾಗೆ ಏಳಿ ಅಂತ. ಆದರೆ ನಾಗೇಶ ಕೇಳಿದ್ದು ಪೂರ್ತಿ ತಪ್ಪಲ್ಲ. ವಲಸೆ ಬಂದವರನ್ನು ದ್ವೇಷಿಸುವ ನ್ಯಾಷನಲ್ ಫ್ರಂಟ್ ಪಕ್ಷ ಬೀದಿಯಲ್ಲಿ ಮೆರವಣಿಗೆ ಮಾಡುತ್ತಿದ್ದ ಕಾಲದಲ್ಲಿ ಆ ಹೆಸರು ಇಟ್ಟರೆ ಯಾರು ಹೇಗೆ ತೆಗೆದುಕೊಳ್ಳುತ್ತಾರೆ ಅಂತ ಯೋಚಿಸಬೇಕಿತ್ತು. ತಪ್ಪು ತಿಳಿದುಕೊಂಡವರ ಮೇಲೆ ಪೂರ್ತಿ ಹೊಣೆ ಹಾಕಲಿಕ್ಕೆ ಆಗುವುದಿಲ್ಲ. ಗಿಟಾರಿನ ಮಿಕ್ ಜೋನ್ಸ್‌ಗೇ ಆಮೇಲೆ ಆ ಹಾಡು ನುಡಿಸುವುದು ಬೇಡವಾಗಿತ್ತು.

ಶ್ರೀಧರ: ಅದೇ ಆಲ್ಬಮ್‌ನಲ್ಲಿ ಜಮೈಕಾದ ಜೂನಿಯರ್ ಮರ್ವಿನ್ ಮೊದಲು ಹಾಡಿದ್ದ ‘ಪೊಲೀಸ್ ಅಂಡ್ ಥೀವ್ಸ್’ ಅನ್ನು ಇವರು ತಾವೇ ಹಾಡಿದ್ದಾರೆ. ಉಳಿದ ಹಾಡುಗಳೆಲ್ಲ ಎರಡು, ಮೂರು ನಿಮಿಷ. ಇದೊಂದೇ ಆರು ನಿಮಿಷ. ಜನಾಂಗದ್ವೇಷಿಗಳು ಅಷ್ಟು ಜಾಗ ಕೊಡುತ್ತಾರಾ? ಅದರ ಮೂಲ ನಿರ್ಮಾಪಕ ಲೀ ಪೆರಿಯೇ ಮುಂದೆ ಬಂದು ‘ಕಂಪ್ಲೀಟ್ ಕಂಟ್ರೋಲ್’ ಮಾಡಿಕೊಟ್ಟ. ಜಮೈಕಾದ ರೆಗೆ ಸಂಗೀತದ ದೊಡ್ಡ ಗಾಯಕ ಬಾಬ್ ಮಾರ್ಲಿ ‘ಪಂಕಿ ರೆಗೆ ಪಾರ್ಟಿ’ ಹಾಡಿನಲ್ಲಿ ಇವರ ಹೆಸರು ತೆಗೆದ. ಇನ್ನೇನು ಸರ್ಟಿಫಿಕೇಟ್ ಬೇಕು?

ನಾಗೇಶ: ಸರಿ, ಅದು ಒಪ್ಪಿದೆ. ಆದರೆ ಈ ಸ್ಟ್ರಮರ್ ಯಾರು? ರಾಯಭಾರ ಕಚೇರಿಯವನ ಮಗ. ಹುಟ್ಟಿದ್ದು ಅಂಕಾರಾದಲ್ಲಿ. ಓದಿದ್ದು ಬೋರ್ಡಿಂಗ್ ಶಾಲೆಯಲ್ಲಿ. ನಿಜವಾದ ಹೆಸರು ಜಾನ್ ಮೆಲರ್. ಅವನಪ್ಪ ಹುಟ್ಟಿದ್ದು ನಮ್ಮ ಲಖನೌದಲ್ಲಿ, ಅದನ್ನೂ ಓದಿದೆ. ಇವನು ನಿರುದ್ಯೋಗಿಗಳ ಪರವಾಗಿ ಅರಚುತ್ತಾನೆ!

ಸುಮಾ: ‘ಕೆರಿಯರ್ ಆಪರ್ಚುನಿಟೀಸ್’ ಕೇಳು. ಸಿಕ್ಕಿದ ಕೆಲಸಗಳನ್ನೆಲ್ಲ ಒಂದೊಂದಾಗಿ ಬೇಡ ಅನ್ನುತ್ತಾ ಹೋಗುವ ಹಾಡು. ಅದರಲ್ಲಿ ಬಾಂಬ್ ಇರುವ ಕಾಗದ ಒಡೆಯುವ ಕೆಲಸ ನನಗೆ ಬೇಡ ಅನ್ನುವ ಮಾತು ಬರುತ್ತದೆ. ಅದು ಕಲ್ಪನೆ ಅಲ್ಲ. ಮಿಕ್ ಜೋನ್ಸ್ ಸರ್ಕಾರಿ ಭತ್ಯೆ ಕಚೇರಿಯಲ್ಲಿ ಸಣ್ಣ ಗುಮಾಸ್ತ. ಐರ್ಲೆಂಡಿನ ಸಶಸ್ತ್ರ ಸಂಘಟನೆ ಐಆರ್‌ಎಯವರು ಅಂಚೆಯಲ್ಲಿ ಬಾಂಬ್ ಕಳಿಸುತ್ತಿದ್ದ ಕಾಲ. ಬಂದ ಲಕೋಟೆ ಒಡೆಯುವುದು ಕಚೇರಿಯಲ್ಲಿ ಎಲ್ಲರಿಗಿಂತ ಕೆಳಗಿನವನ ಪಾಲಿಗೆ. ಅವನ ಮನೆ? ಅಜ್ಜಿಯ ಜೊತೆ, ವಿಲ್ಮ್‌ಕೋಟ್ ಹೌಸ್ ಅನ್ನುವ ಕೌನ್ಸಿಲ್ ಕಟ್ಟಡದ (ಸ್ಥಳೀಯ ಸರ್ಕಾರದ ಬಾಡಿಗೆ ಮನೆಗಳು) 18ನೇ ಮಹಡಿ. ಕಿಟಕಿಯಿಂದ ನೋಡಿದರೆ ವೆಸ್ಟ್‌ವೇ ಮೇಲಿನ ಕಾರುಗಳು. ‘ಲಂಡನ್ಸ್ ಬರ್ನಿಂಗ್’ ಹಾಡಿನಲ್ಲಿ ಬರುವ ರಸ್ತೆ ಅದೇ. ಬ್ಯಾಂಡಿನಲ್ಲಿ ಒಬ್ಬನೇ ಇರುವುದಿಲ್ಲ ಕಣೋ.

ಪ್ರಕಾಶ: ಈಗ ಕೇಳಿದೆ. ಪೂರ್ತಿ.

ಶ್ರೀಧರ: ಮೃದಂಗ ವಿದ್ವಾಂಸರು ಬಂದರು!

ಪ್ರಕಾಶ: ಅರ್ಧ ಹಾಡುಗಳಲ್ಲಿ ಮಾತು ಅರ್ಥವಾಗಲಿಲ್ಲ. ಪರವಾಗಿಲ್ಲ. ‘ಪೊಲೀಸ್ ಅಂಡ್ ಥೀವ್ಸ್’ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಒಂದು ಗಿಟಾರ್ ಪೆಟ್ಟಿನ ಮೇಲೇ ಬೀಳುತ್ತದೆ. ಇನ್ನೊಂದು ಪೆಟ್ಟು ಬಿಟ್ಟು, ನಡುವೆ ಬೀಳುತ್ತದೆ. ಜಮೈಕಾದವರ ನಡೆಯನ್ನು ನಕಲು ಮಾಡಲು ಹೋಗಿದ್ದರೆ ಎರಡೂ ನಡುವೆಯೇ ಬೀಳಬೇಕಿತ್ತು. ಇವರು ಒಂದನ್ನು ತಮ್ಮ ಕಡೆ ಇಟ್ಟುಕೊಂಡು ಇನ್ನೊಂದನ್ನು ಆ ಕಡೆ ಕಳಿಸಿದ್ದಾರೆ. ತುಂಬಾ ಇಷ್ಟವಾಯಿತು. ಬಾಸ್ ಹುಡುಗ ಮಾತ್ರ ಹೊಸಬ ಅನಿಸುತ್ತದೆ.

ಶ್ರೀಧರ: ಸರಿಯಾಗಿ ಹಿಡಿದೆ. ಸಿಮನನ್ ಚಿತ್ರಕಲೆ ಓದಿದವನು. ಬ್ಯಾಂಡ್ ಸೇರಿದ ಮೇಲೆ ಬಾಸ್ ಕಲಿತ. ಸ್ವರಸ್ಥಾನ ಮರೆಯಬಾರದು ಅಂತ ಬಾಸ್‌ನ ಕತ್ತಿನ ಮೇಲೇ ಗುರುತು ಮಾಡಿಕೊಂಡಿದ್ದ.

ಪ್ರಕಾಶ: ಹಾಗಾದರೆ ಇಷ್ಟನ್ನೂ ಎಳೆದುಕೊಂಡು ಹೋಗುತ್ತಿರುವುದು ಡ್ರಮ್ಸ್. ಮೊದಲ ಹಾಡು ‘ಜೇನಿ ಜೋನ್ಸ್’ ಶುರುವಾಗುವುದೇ ಡ್ರಮ್ಸ್‌ನಿಂದ. ಅವನು ಯಾರು? ನಾಗೇಶ ಹಾಕಿದ ಫೋಟೋದಲ್ಲಿ ಅವನಿಲ್ಲವಲ್ಲ?

ಶ್ರೀಧರ: ಟೆರಿ ಚೈಮ್ಸ್. 1976ರ ಕೊನೆಯಲ್ಲೇ ಬ್ಯಾಂಡ್ ಬಿಟ್ಟಿದ್ದ. ರೆಕಾರ್ಡಿಂಗ್‌ಗೆ ಮಾತ್ರ ಕರೆದರು. ಬಂದು ನುಡಿಸಿ ಹೋದ. ಕವರ್ ಫೋಟೋವನ್ನು ಕೇಟ್ ಸೈಮನ್ ಕ್ಯಾಮ್ಡೆನ್‌ನಲ್ಲಿ, ಇವರ ತಾಲೀಮು ಜಾಗದ ಎದುರಿನ ಗಲ್ಲಿಯಲ್ಲಿ ತೆಗೆದದ್ದು. ಬ್ಯಾಂಡಿನಲ್ಲಿ ಉಳಿದವರು ಮೂವರೇ, ಅದಕ್ಕೆ ಮೂವರೇ ನಿಂತರು. ಹಿಂಬದಿಯಲ್ಲಿ ಅವನ ಹೆಸರನ್ನು ‘ಟೋರಿ ಕ್ರೈಮ್ಸ್’ ಅಂತ ಹಾಕಿದರು. ಟೋರಿ ಅಂದರೆ ಅಲ್ಲಿನ ಕನ್ಸರ್ವೇಟಿವ್ ಪಕ್ಷ. ಹುಡುಗಾಟ.

ಪ್ರಕಾಶ: ಹುಡುಗಾಟವಾ? ಪೂರ್ತಿ ಕಛೇರಿ ನುಡಿಸಿದವನಿಗೆ ಮುಖವೂ ಇಲ್ಲ, ಹೆಸರೂ ಇಲ್ಲ, ಇರುವ ಹೆಸರಿನಲ್ಲಿ ಗೇಲಿ ಬೇರೆ. ಪಕ್ಕವಾದ್ಯದವರ ಪಾಡು ಎಲ್ಲಾ ದೇಶದಲ್ಲೂ ಒಂದೇ ನೋಡು.

ನಾಗೇಶ: ಬಿಟ್ಟು ಹೋದವನನ್ನು ಕವರ್ ಮೇಲೆ ಯಾಕೆ ಹಾಕಬೇಕು? ಇದರಲ್ಲಿ ನಾನು ಶ್ರೀಧರನ ಕಡೆ. (ಇದನ್ನು ಯಾರಾದರೂ ಸ್ಕ್ರೀನ್‌ಶಾಟ್ ತೆಗೆದಿಡಿ.)

ಪ್ರಕಾಶ: ಯಾಕೆ ಬಿಟ್ಟ?

ಶ್ರೀಧರ: ಅವರ ರಾಜಕೀಯ ಅವನಿಗೆ ಹಿಡಿಸಲಿಲ್ಲ. ದುಡ್ಡು ಬಂದರೆ ಏನು ಮಾಡುತ್ತೀಯ ಅಂತ ಮಾತು ಬಂದಾಗ ಇವನು ಲ್ಯಾಂಬೋರ್ಗಿನಿ ಕಾರು ಬೇಕು ಅಂದನಂತೆ. ಉಳಿದವರಿಗೆ ಮೈ ಉರಿಯಿತು.

ಸುಮಾ: 1 ಲಕ್ಷ ಪೌಂಡ್‌ಗೆ ಸಹಿ ಹಾಕಿದವರಿಗೆ ಕಾರಿನ ಆಸೆ ಕೇಳಿ ಉರಿಯಿತು. ಸರಿ ಹೋಯಿತು.

ಗುರುರಾಜ್ (ಅಡ್ಮಿನ್): ಈ ಸಂದೇಶವನ್ನು ಅಳಿಸಲಾಗಿದೆ

ನಾಗೇಶ: ಗುರು, ಏನು ಅಳಿಸಿದೆ? ಕಾರಿನ ವಿಷಯವಾ?

ಪ್ರಕಾಶ: ನಾನು ಹೇಳುವುದು ಕೇಳಿ. ಹಾಡಿನ ಮಾತಿನಲ್ಲಿ ನಂಬಿಕೆ ಇಲ್ಲದವನು ಇದನ್ನು ನುಡಿಸಿದ್ದಾನೆ. ಆದರೂ ಒಂದು ಕಡೆಯೂ ಕೈ ಸಡಿಲ ಬಿಟ್ಟಿಲ್ಲ. ಉಳಿದ ಮೂವರೂ ಸಿಟ್ಟಿನಲ್ಲಿ ಮುಂದಕ್ಕೆ ನುಗ್ಗುತ್ತಿದ್ದಾರೆ. ಇವನಿಗೆ ಆ ಸಿಟ್ಟು ಇಲ್ಲ, ಅದಕ್ಕೇ ಕಾಲಪ್ರಮಾಣ ಓಡಿಲ್ಲ. ನಾಲ್ಕೂ ಜನ ಒಂದೇ ಮನಸ್ಸಿನವರಾಗಿದ್ದರೆ ಈ ರೆಕಾರ್ಡ್ ಬರೀ ಗದ್ದಲ ಆಗುತ್ತಿತ್ತು. ನನ್ನ ಕಿವಿಗೆ ಕಾಣುವುದು ಅಷ್ಟು.

ಶ್ರೀಧರ: ಇದು ಅತಿಯಾಯಿತು. ಸ್ಟ್ರಮರ್ ಗಂಟಲು ಇಲ್ಲದೆ ಈ ಆಲ್ಬಮ್ ಇಲ್ಲ. ಅವನು ಎಡಗೈಯವನು, ಗಿಟಾರ್ ಕಲಿತದ್ದು ಬಲಗೈಯವರ ಹಾಗೆ. ಬೆರಳಿನ ನಾಜೂಕು ಕೆಲಸ ಬರುತ್ತಿರಲಿಲ್ಲ, ಬರೀ ತಂತಿ ಬಡಿಯುತ್ತಿದ್ದ. ಆ ಬಡಿತವೇ ಈ ಬ್ಯಾಂಡ್. ಅಲ್ಲದೆ ಚೈಮ್ಸ್ ಆದ ಮೇಲೆ ಬಂದ ಟಾಪರ್ ಹೆಡನ್ ಇವನಿಗಿಂತ ಎಷ್ಟೋ ಪಾಲು ಮೇಲು.

ಪ್ರಕಾಶ: ಮೇಲು ಇರಬಹುದು. ಅವನಿಗಾದರೂ ಮರ್ಯಾದೆ ಕೊಟ್ಟರಾ?

ಶ್ರೀಧರ: ಅದೊಂದು ಕೇಳಬೇಡ. 1982ರಲ್ಲಿ ಹೆರಾಯಿನ್ ಚಟದಿಂದ ಅವನನ್ನು ತೆಗೆದುಹಾಕಿದರು. ಅವನ ಜಾಗಕ್ಕೆ ಕರೆದದ್ದು ಮತ್ತೆ ಚೈಮ್ಸ್‌ನನ್ನೇ. ‘ರಾಕ್ ದಿ ಕಾಸ್ಬಾ’ ಅಂತ ಅವರ ಅತಿ ದೊಡ್ಡ ಹಾಡುಗಳಲ್ಲಿ ಒಂದು ಬಂತು. ಸಂಗೀತ ಟಾಪರ್‌ನದ್ದು. ಡ್ರಮ್ಸ್, ಪಿಯಾನೋ, ಬಾಸ್ ಮೂರೂ ಅವನೇ ನುಡಿಸಿದ್ದು. ವಿಡಿಯೋದಲ್ಲಿ ಡ್ರಮ್ಸ್ ಹಿಂದೆ ಕೂತಿರುವುದು ಚೈಮ್ಸ್.

ಸುಮಾ: ಅಯ್ಯೋ. ಮೊದಲು ನುಡಿಸಿದವನು ಚಿತ್ರದಲ್ಲಿಲ್ಲ, ಆಮೇಲೆ ನುಡಿಸದವನು ಚಿತ್ರದಲ್ಲಿದ್ದಾನೆ.

ನಾಗೇಶ: ಈಗ ಹೇಳಿ, ಇವರು ಕಂಪನಿಯನ್ನು ಬೈಯುವುದಕ್ಕೆ ಯಾವ ಮುಖ ಇದೆ?

ಶ್ರೀಧರ: ಚೈಮ್ಸ್ ಬೇಸರ ಇಟ್ಟುಕೊಳ್ಳಲಿಲ್ಲ. 2003ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಬ್ಯಾಂಡನ್ನು ಸೇರಿಸಿದಾಗ ಅವನ ಹೆಸರೂ ಟಾಪರ್ ಹೆಸರೂ ಎರಡೂ ಇದ್ದವು. ಅಷ್ಟರಲ್ಲಿ ಚೈಮ್ಸ್ ಬೆನ್ನುಮೂಳೆ ನೋವಿಗೆ ಚಿಕಿತ್ಸೆ ಕೊಡುವ ಕೈರೋಪ್ರಾಕ್ಟರ್ ಆಗಿದ್ದ.

ಪ್ರಕಾಶ: ಡ್ರಮ್ಮರ್‌ಗಳಿಗೆ ಅದು ಬೇಕಾದ ವಿದ್ಯೆಯೇ. ನನ್ನ ಬೆನ್ನನ್ನೇ ಕೇಳು.

ಶ್ರೀಧರ: ನಾಗೇಶ, ಒಂದು ಕೆಲಸ ಮಾಡು. ಹಾಡಿನ ಪಟ್ಟಿಯಲ್ಲಿ ‘ಐ ಫಾಟ್ ದಿ ಲಾ’ ಇದೆಯಾ ನೋಡು.

ನಾಗೇಶ: ಇದೆ. ‘ಕಂಪ್ಲೀಟ್ ಕಂಟ್ರೋಲ್’ ಕೂಡ ಇದೆ.

ಶ್ರೀಧರ: ಛೆ! ಹಾಗಾದರೆ ಅದು ಅಮೆರಿಕದ ಆವೃತ್ತಿ. ಇದು ರೇಡಿಯೋಗೆ ಆಗುವ ಸರಕಲ್ಲ ಅಂತ ಅಲ್ಲಿನ ಕಂಪನಿಯವರು 1977ರಲ್ಲಿ ಬಿಡುಗಡೆ ಮಾಡಲೇ ಇಲ್ಲ. ಜನ ಇಂಗ್ಲೆಂಡಿನಿಂದ ಆಮದಾದ ಪ್ರತಿಗಳನ್ನು ಲಕ್ಷಕ್ಕೂ ಮೇಲೆ ಕೊಂಡರು. ಎರಡನೇ ಆಲ್ಬಮ್ ಬಂದಾದ ಮೇಲೆ, 1979ರಲ್ಲಿ, ಕಂಪನಿಗೆ ಬುದ್ಧಿ ಬಂತು. ಆಗಲೂ ‘ಡಿನೈ’, ‘ಚೀಟ್’, ‘ಪ್ರೋಟೆಕ್ಸ್ ಬ್ಲೂ’, ‘48 ಅವರ್ಸ್’ ನಾಲ್ಕನ್ನೂ ಕಿತ್ತು, ಆಮೇಲೆ ಬಂದ ಹಾಡುಗಳನ್ನು ತುರುಕಿದರು. ಮಗಳಿಗೆ ಹೇಳು, ಇಂಗ್ಲೆಂಡಿನದ್ದು ಹುಡುಕಲಿ.

ಸುಮಾ: ಯಾಕೆ? ಸೇರಿಸಿದ ಹಾಡುಗಳು ಕಿತ್ತವುಗಳಿಗಿಂತ ಚೆನ್ನಾಗಿಯೇ ಇವೆ. ‘ಚೀಟ್’ ಇಲ್ಲದಿದ್ದರೆ ನನಗೇನೂ ನಷ್ಟವಿಲ್ಲ.

ಶ್ರೀಧರ: ಸುಮಾ, ನೀನು ಹೀಗೆ ಹೇಳುತ್ತೀಯಾ ಅಂತ ಅಂದುಕೊಂಡಿರಲಿಲ್ಲ.

ಪ್ರಕಾಶ: ಆ ಸೇರಿಸಿದ ಹಾಡುಗಳಲ್ಲಿ ಡ್ರಮ್ಸ್ ಯಾರದ್ದು?

ಶ್ರೀಧರ: ಟಾಪರ್‌ನದ್ದು.

ಪ್ರಕಾಶ: ಅಂದರೆ ನಾಗೇಶನ ಮನೆಯಲ್ಲಿರುವ ಎಲ್‌ಪಿಯಲ್ಲಿ ಇಬ್ಬರು ಡ್ರಮ್ಮರ್‌ಗಳು ನುಡಿಸಿದ್ದಾರೆ. ಕವರ್ ಮೇಲೆ ಒಬ್ಬನೂ ಇಲ್ಲ.

ನಾಗೇಶ: ಮಗಳಿಗೆ ಓದಿ ಹೇಳಿದೆ. ಪ್ಲೇಯರ್ ಕೊಡಿಸು, ಆಮೇಲೆ ಜಗಳ ಆಡು ಅನ್ನುತ್ತಿದ್ದಾಳೆ. ಶ್ರೀಧರ, ಒಳ್ಳೆಯದು ಎಷ್ಟಕ್ಕೆ ಸಿಗುತ್ತದೆ?