ಐವಿಎಫ್‌ಗೆ ರಜೆ ಯಾವ ಲೆಕ್ಕದಾಗ ಹಾಕೂದು? ಗೊತ್ತಿದ್ದವರು ಹೇಳ್ರಿ

ಪ್ರಶ್ನೆ (ಗದಗ): ಖಾಸಗಿ ಕಂಪನಿ, ಸಂಬಳ 19,000, ಇಎಸ್‌ಐ (ನೌಕರರ ರಾಜ್ಯ ವಿಮೆ) ಕಟ್ ಆಗತೈತಿ. ಮುಂದಿನ ತಿಂಗಳ ಹುಬ್ಬಳ್ಳ್ಯಾಗ ಐವಿಎಫ್ (ದೇಹದ ಹೊರಗ ಭ್ರೂಣ ಮಾಡಿ ಗರ್ಭದಾಗ ಇಡೂ ಚಿಕಿತ್ಸೆ) ಸುರು. ಸಿಎಲ್ (ಸಾಂದರ್ಭಿಕ ರಜೆ) ಆರೇ ಉಳದಾವ. ಯಾವ ರಜೆ ಕೇಳ್ಲಿ?

ವಿದ್ಯಾನಗರ: ಐವಿಎಫ್ ರಜೆ ಅಂತ ಕಾಯ್ದೆದಾಗ ಇಲ್ಲೇ ಇಲ್ರಿ. ಆ ಹೆಸರು ತಗದ್ರ ಎಚ್‌ಆರ್‌ನವರು ಒಂದೇ ಮಾತಿನ್ಯಾಗ ಮುಗಸ್ತಾರ. ಮುಟ್ಟಿನ ಎರಡನೇ ದಿನ ಸ್ಕ್ಯಾನ್, ಆಮ್ಯಾಲೆ 10–12 ದಿನ ಇಂಜೆಕ್ಷನ್, ಎರಡು ಮೂರು ದಿನಕ್ಕೊಮ್ಮೆ ಮತ್ತ ಸ್ಕ್ಯಾನ್. ಇವಕ್ಕ ಮುಂಜಾನಿ ಮೊದಲ ನಂಬರ್ ಹಿಡೀರಿ, ಅರ್ಧ ದಿನದ ಸಿಎಲ್ ಸಾಕು. ಟ್ರಿಗರ್ (ಮೊಟ್ಟೆ ಪಕ್ವ ಮಾಡೂ ಕಡೀ ಇಂಜೆಕ್ಷನ್) ಕೊಟ್ಟ 34–36 ತಾಸಿಗೆ ಅರಿವಳಿಕೆ ಕೊಟ್ಟು ಮೊಟ್ಟೆ ತಗೀತಾರ. ಅವತ್ತು, ಮರುದಿನ ಪೂರ್ತಿ ರಜೆ ಬೇಕು. ಫಾಲಿಕಲ್ (ಮೊಟ್ಟೆ ಬೆಳೆಯೂ ಚೀಲ) 18 ಮಿ.ಮೀ. ಆಸುಪಾಸು ಬೆಳೆಯೂತನಕ ಟ್ರಿಗರ್ ಇಲ್ಲ, ಅಂದ್ರ ತಾರೀಖು ಮೊದಲ ಗೊತ್ತಾಗೂದಿಲ್ಲ. ಅರ್ಜಿದಾಗ "ಇಂಥಾ ವಾರದಾಗ ಎರಡು ದಿನ" ಅಂತ ಬರೀರಿ. ಸರ್ಟಿಫಿಕೇಟಿನ್ಯಾಗ "ಸ್ತ್ರೀರೋಗ ಚಿಕಿತ್ಸೆ" ಅಂತಿದ್ರ ಸಾಕು, ಊರಿಗೆಲ್ಲಾ ಡಂಗುರ ಸಾರೂದು ಬ್ಯಾಡ.

ಗೋಕುಲ ರೋಡ್: ಇಎಸ್‌ಐ ಐತಿ ಅಂತ ಅವರೇ ಹೇಳ್ಯಾರ, ಅದನ್ನ ಬಿಟ್ಟು ಉಳದದ್ದೆಲ್ಲಾ ಬರದೀರಿ. ಸಿಕ್ನೆಸ್ ಬೆನಿಫಿಟ್ (ಕಾಯಿಲೆ ರಜೆಗೆ ಇಎಸ್‌ಐ ಕೊಡೂ ರೊಕ್ಕ) ದಿನಗೂಲಿಯ 70%, ವರ್ಷಕ್ಕ 91 ದಿನ. ಏಪ್ರಿಲ್–ಸೆಪ್ಟೆಂಬರ್‌ದಾಗ 78 ದಿನದ ವಂತಿಗೆ ತುಂಬಿದ್ರ ಮುಂದಿನ ಜನವರಿ–ಜೂನ್‌ಗೆ ಹಕ್ಕು. ಮೊದಲ ಎರಡು ದಿನಕ್ಕ ರೊಕ್ಕಿಲ್ಲ, ಅದಕ್ಕ ಬಿಡಿ ಬಿಡಿ ಒಂದೊಂದು ದಿನದ ವೈದ್ಯಕೀಯ ಚೀಟಿ ತಂದ್ರ ಸೊನ್ನೆ. ಮೊಟ್ಟೆ ತಗದ ದಿನದಿಂದ ಸಾಲಾಗಿ, ನಡುವ ಬಿಡದಂಗ ಬರಸ್ರಿ. ಅದು ಮುಗಿದ 15 ದಿನದೊಳಗ ಎಂಬ್ರಿಯೋ ಟ್ರಾನ್ಸ್‌ಫರ್‌ಗೆ (ಭ್ರೂಣ ಗರ್ಭದಾಗ ಇಡೂದಕ್ಕ) ಮತ್ತ ಚೀಟಿ ಆದ್ರ ಆ ಎರಡು ದಿನ ಎರಡನೇ ಸಲ ಕಡಿಯೂದಿಲ್ಲ. ಚೀಟಿ ಇಎಸ್‌ಐ ಡಿಸ್ಪೆನ್ಸರಿ ಡಾಕ್ಟರದೇ ಆಗಬೇಕು, ಖಾಸಗಿ ಆಸ್ಪತ್ರಿದು ಬರೇ ಪುರಾವೆ.

ವಿದ್ಯಾನಗರ: ಡಿಸ್ಪೆನ್ಸರ್‍ಯಾಗ "ಇದು ರೋಗ ಅಲ್ಲವಾ" ಅಂತ ವಾಪಸ್ ಕಳಸಿದ್ರ? ಕಾಗದದ ಮ್ಯಾಲೆ ಎಲ್ಲಾ ಸಸಾರ.

ಗೋಕುಲ ರೋಡ್: ಹೊಟ್ಟಿ ಉಬ್ಬಿ ನೀರು ತುಂಬಿದ್ದು, ಓಎಚ್‌ಎಸ್‌ಎಸ್ (ಇಂಜೆಕ್ಷನ್‌ದಿಂದ ಅಂಡಾಶಯ ಅತಿಯಾಗಿ ಊದೂದು), ರೋಗ ಹೌದಲ್ಲ? ಸ್ಕ್ಯಾನ್ ರಿಪೋರ್ಟ್ ಮುಂದಿಡ್ರಿ, ಬರೀತಾರ.

ಕೇಶ್ವಾಪುರ: ಕೇಂದ್ರ ಸರ್ಕಾರದ ನೌಕರರಿಗೆ ಐವಿಎಫ್‌ನ ಒಂದು ಸೈಕಲ್‌ಗೆ (ಒಂದು ಸುತ್ತಿನ ಚಿಕಿತ್ಸೆಗೆ) 65,000ದ ತನಕ, ಮೂರು ಸೈಕಲ್, ವಾಪಸ್ ಕೊಡ್ತಾರ. ಮೊದಲ ಪರವಾನಗಿ ತಗೋಬೇಕು, ಬಿಲ್ ಆದ ಮ್ಯಾಲೆ ಓಡಾಡಿದ್ರ ಚಪ್ಪಲಿ ಸವೀತಾವ ಅಷ್ಟ.

ಹಾವೇರಿ ಟೀಚರ್: ಅಕ್ಕಾ, ಕೇಳಿದವರು ಖಾಸಗಿ ಕಂಪನ್ಯವರು! ಖರ್ಚು ಒಂದೂವರೆ ಲಕ್ಷ ದಾಟತೈತಿ, ಅದರಾಗ 65,000 ಅಂದ್ರ ಬಹಳ ಆತಂತ ಮಾಡೀರಿ. ಆಯುಷ್ಮಾನ್ ಕಾರ್ಡ್‌ದಾಗ ಬಂಜೆತನದ ಚಿಕಿತ್ಸೆ ಹೊರಗ. ಕಂಪನಿ ಪಾಲಿಸಿದಾಗ "ಎಕ್ಸ್‌ಕ್ಲೂಷನ್ 17" ಓದ್ರಿ, ಸಾಮಾನ್ಯಕ್ಕ ಅಲ್ಲೂ ಹೊರಗ. ನಮ್ಮಂಥಾ ರಾಜ್ಯ ನೌಕರರಿಗೆ ವೈದ್ಯಕೀಯ ಚೀಟಿ ಕೊಟ್ರ ಪರಿವರ್ತಿತ ರಜೆ. ಒಂದು ದಿನಕ್ಕ ಅರ್ಧವೇತನ ರಜೆ ಎರಡು ಹೋಗತಾವ, ಸಂಬಳ ಪೂರ್ತಿ.

ಕೇಶ್ವಾಪುರ: ನೀವೂ ನಿಮ್ಮ ರಜೆನೇ ಹೇಳಿದ್ರೆಲ್ಲ ಟೀಚರ್! ಗೋವಾದಾಗ 2023ರಿಂದ ಸರ್ಕಾರಿ ಮೆಡಿಕಲ್ ಕಾಲೇಜಿನ್ಯಾಗ ಉಚಿತ ಐವಿಎಫ್. ನಮ್ಮ ಕಡೆ ಅದನ್ನ ಕೇಳವರಿಲ್ಲ, ರಜೆ ಲೆಕ್ಕ ಹಿಡಕೊಂಡು ಕುಂತಾರ.

ಲಕ್ಷ್ಮೇಶ್ವರ: ತಿಂಗಳಿಗೊಂದು ಮುಟ್ಟಿನ ರಜೆ ಆದೇಶ 2025ರ ನವೆಂಬರ್‌ದಾಗ ಬಂದೈತಲ್ಲ, ಎರಡನೇ ದಿನದ ಸ್ಕ್ಯಾನ್‌ಗೆ ಅದನ್ನ ಹಾಕ್ರಿ.

ಹಾವೇರಿ ಟೀಚರ್: ಅದರ ಮ್ಯಾಲೆ ಹೈಕೋರ್ಟಿಗೆ ಹೋಗ್ಯಾರ. ಅದನ್ನ ನಂಬಿ ಸಿಎಲ್ ಖರ್ಚು ಮಾಡಬ್ಯಾಡ್ರಿ.

ಗೋಕುಲ ರೋಡ್: ಯಾರೂ ಹೇಳದ್ದು ಒಂದೈತಿ. ಬೀಟಾ (ಗರ್ಭ ನಿಂತದ್ದು ತೋರಿಸೂ ರಕ್ತಪರೀಕ್ಷೆ) ಪಾಸಿಟಿವ್ ಬಂದು ಆಮ್ಯಾಲೆ ಗರ್ಭ ಹೋದ್ರ ಆರು ವಾರ ಸಂಬಳದ ರಜೆ. 1961ರ ಹೆರಿಗೆ ಸೌಲಭ್ಯ ಕಾಯ್ದೆದಾಗ ಇದ್ದಂಗ, 2025ರ ನವೆಂಬರ್‌ದಾಗ ಅದರ ಜಾಗಕ್ಕ ಬಂದ ಸಾಮಾಜಿಕ ಭದ್ರತಾ ಸಂಹಿತೆದಾಗೂ ಗರ್ಭಪಾತ ಅಂದ್ರ 26ನೇ ವಾರದ ತನಕ "ಯಾವುದೇ ಅವಧಿ".

ವಿದ್ಯಾನಗರ: ಐದನೇ ವಾರದಾಗ ಹೋದದ್ದಕ್ಕ ಎಚ್‌ಆರ್ ಒಪ್ಪೂದಿಲ್ಲ. ಸ್ಕ್ಯಾನಿನ್ಯಾಗ ಗರ್ಭದ ಚೀಲನೂ ಕಂಡಿರೂದಿಲ್ಲ.

ಗೋಕುಲ ರೋಡ್: ಒಪ್ಪಸ್ರಿ. ಏರಿದ ಬೀಟಾ ಒಂದು, ಇಳಿದ ಬೀಟಾ ಒಂದು, ಎರಡೂ ರಿಪೋರ್ಟ್ ಒಂದೇ ಲ್ಯಾಬಿನವು ಇರಲಿ. ಡಿಸ್ಚಾರ್ಜ್ ಚೀಟಿದಾಗ ಡಾಕ್ಟರ್ "ಬಯೋಕೆಮಿಕಲ್" (ರಕ್ತಪರೀಕ್ಷೆದಾಗ ಅಷ್ಟೇ ಕಂಡ ಗರ್ಭ) ಅಂತಷ್ಟೇ ಗೀಚಿದ್ರ ತಕರಾರು ಬರತೈತಿ, "ಗರ್ಭಪಾತ" ಅನ್ನೂ ಶಬ್ದ ಬರಸಕೋರಿ. ನಮ್ಮ ಮಂದಿ ಆ ಹೊತ್ತಿನ್ಯಾಗ ಚೀಟಿ ಓದೂದೇ ಇಲ್ಲ.

ಲಕ್ಷ್ಮೇಶ್ವರ: ಬಸ್ಸಿನ್ಯಾಗ ಇಂಜೆಕ್ಷನ್ ಒಯ್ಯೂದು ಹ್ಯಾಂಗ್ರಿ, ಐಸ್‌ದಾಗ ಇಟ್ರ ನಡೀತದ?

ವಿದ್ಯಾನಗರ: ಐಸಿಗೆ ತಾಗಬಾರದು. 2–8 ಡಿಗ್ರಿ. ಹೆಪ್ಪುಗಟ್ಟಿದ ಇಂಜೆಕ್ಷನ್ ಪೆನ್ ಬಿಸಾಕೂದೇ. ಟಾವೆಲ್ ಸುತ್ತಿ ಐಸ್ ಪ್ಯಾಕಿನ ಬಾಜೂಕ ಇಡ್ರಿ.

ಕೇಶ್ವಾಪುರ: ಪೆನ್ ಒಂದಕ್ಕ ಎಷ್ಟು ಬಿತ್ತು ನಿಮಗ? ನಮ್ಮ ಬಿಲ್ ಇನ್ನೂ ಆಫೀಸಿನ್ಯಾಗ ಕುಂತೈತಿ.