ಐಬಾ1 ಎಣಿಕೆ ಏರಿದೆ, ಇಷ್ಟಕ್ಕೇ ಮೈಕ್ರೋಗ್ಲಿಯಾ ಸಕ್ರಿಯ ಅನ್ನಬಹುದಾ?

ಪ್ರಶ್ನೆ (ಬೆಳಗಾವಿ, ಫಾರ್ಮಕಾಲಜಿ)
6 ತಿಂಗಳ 5ಎಕ್ಸ್‌ಎಫ್‌ಎಡಿ (ಅಲ್ಝೈಮರ್ ಮಾದರಿಯ) ಇಲಿಗಳ ಹಿಪೊಕ್ಯಾಂಪಸ್ (ಮಿದುಳಿನ ನೆನಪಿನ ಭಾಗ), 30 ಮೈಕ್ರಾನ್ ಸೆಕ್ಷನ್. ಐಬಾ1 (ಮೈಕ್ರೋಗ್ಲಿಯಾ, ಅಂದ್ರ ಮಿದುಳಿನ ರಕ್ಷಣಾ ಕೋಶಗಳನ್ನ ತೋರಿಸುವ ಪ್ರೋಟೀನ್) ಇರುವ ಕೋಶಗಳು ಸಾಮಾನ್ಯ ಇಲಿಗಿಂತ ಜಾಸ್ತಿ ಇವೆ. ಔಷಧ ಕೊಟ್ಟ ಗುಂಪಿನಲ್ಲಿ ಎಣಿಕೆ ಇಳಿದಿಲ್ಲ, ಆಕಾರ ಮಾತ್ರ ಬೇರೆ ಕಾಣ್ತದ. ಸಿಡಿ68 (ಮೈಕ್ರೋಗ್ಲಿಯಾ ಕಸ ನುಂಗುವಾಗ ಏರುವ ಪ್ರೋಟೀನ್) ಬಣ್ಣ ಸೇರಿಸಿದರೆ ಹಿನ್ನೆಲೆಯೆಲ್ಲಾ ಹೊಳೀತದ. ಏನು ಅಳೀಬೇಕ್ರಿ?

ಉತ್ತರ 1 (ವಿಜಯಪುರ)
ಮೊದಲು ಹೊಳಪಿನ ವಿಷಯ ನೋಡ್ರಿ. ಸಿಡಿ68ರ ಎಫ್‌ಎ-11 ರ‍್ಯಾಟ್ ಆಂಟಿಬಾಡಿ (ರ್ಯಾಟ್‌ನಲ್ಲಿ ತಯಾರಿಸಿದ್ದು; ನಿಮ್ಮ ಇಲಿ ಮೌಸ್). ಸಾದಾ ಆಂಟಿ-ರ‍್ಯಾಟ್ ಸೆಕೆಂಡರಿ (ಪ್ರೈಮರಿ ಅಂದ್ರ ಮೊದಲ ಆಂಟಿಬಾಡಿಗೆ ಅಂಟಿ ಹೊಳೆಯುವುದು) ಮೌಸ್ ಐಜಿಜಿಗೂ (ಇಲಿಯದೇ ಆಂಟಿಬಾಡಿ) ಅಂಟ್ತದ, ಅದಕ್ಕೆ ಮೌಸ್‌ಗೆ ಕ್ರಾಸ್-ಅಡ್ಸಾರ್ಬ್ ಮಾಡಿದ್ದನ್ನೇ (ಮೌಸ್ ಐಜಿಜಿಗೆ ಅಂಟುವ ಭಾಗ ತೆಗೆದದ್ದು) ತರಿಸ್ರಿ. ಪರ್ಫ್ಯೂಷನ್ನಿನಲ್ಲಿ (ರಕ್ತನಾಳದ ಮೂಲಕ ದ್ರವ ಹರಿಸುವಾಗ) ಲಿವರ್ ಬಿಳಿಚುವ ತನಕ ತಣ್ಣನೆಯ ಪಿಬಿಎಸ್ (ಉಪ್ಪಿನ ಬಫರ್) ಹರಿಸಿ, ಆಮೇಲೆ ಅಂಗಾಂಶ ಗಟ್ಟಿಮಾಡುವ 4% ಪಿಎಫ್‌ಎ. ರಕ್ತ ಉಳಿದರೆ ಕೆಂಪು ಕಣಗಳೂ ಹೊಳೀತಾವು. ಪಿಎಫ್‌ಎಯಲ್ಲಿ 24 ಗಂಟೆ ಮೀರಿ ಬಿಡಬ್ಯಾಡ್ರಿ.

ಸಿಡಿ68 ಇರೋದು ಕೋಶದ ಕಸ ಕರಗಿಸುವ ಚೀಲವಾದ ಲೈಸೊಸೋಮ್‌ನಾಗ, ಹಂಗಾಗಿ 0.3% ಟ್ರೈಟಾನ್ (ಪೊರೆ ತೂತು ಮಾಡುವ ಸೋಪಿನಂಥ ದ್ರವ) ಬೇಕೇ ಬೇಕು. ಪ್ರೈಮರಿ ರಾತ್ರಿಯಿಡೀ 4 ಡಿಗ್ರಿಯಲ್ಲಿ. ಪ್ರೋಟೊಕಾಲ್‌ನ 'ರೂಮ್ ಟೆಂಪರೇಚರ್' ಅಂದ್ರ 20–25 ಡಿಗ್ರಿ, ನಮ್ಮ ಏಪ್ರಿಲ್ ಬಿಸಿಲಿನ ಲ್ಯಾಬ್ ಅಲ್ಲ. ಎಸಿ ಇಲ್ಲದಿದ್ರ ಸೆಕೆಂಡರಿಯನ್ನೂ ಫ್ರಿಜ್ಜಿನಲ್ಲೇ ಇಡ್ರಿ, ಹೊತ್ತು ಹೆಚ್ಚು ಕೊಡ್ರಿ.

ಒಂದು ಮೋಸ ಇಲ್ಲೇ ಅದ: ವಯಸ್ಸಾದ ಇಲಿಯಲ್ಲಿ ಲಿಪೊಫುಸಿನ್ (ವಯಸ್ಸಾದಂತೆ ಸೇರುವ ಕಸದ ವರ್ಣದ್ರವ್ಯ) ಕೂಡ ಲೈಸೊಸೋಮ್‌ನಾಗ ಕೂತು ಹೊಳೀತದ, ಸಿಡಿ68 ಚುಕ್ಕಿಯಂಗ ಕಾಣ್ತದ. ಪ್ರೈಮರಿ ಹಾಕದ ಒಂದು ಸೆಕ್ಷನ್ ಪ್ರತಿ ಬ್ಯಾಚಿಗೂ ಇರಲೇಬೇಕು.

ಉತ್ತರ 2 (ಬಾಗಲಕೋಟೆ)
ಎಣಿಕೆ ಒಂದರಿಂದ ಸಕ್ರಿಯ ಅನ್ನಲು ಬರೋದಿಲ್ರಿ. ಐಬಾ1 ವಿಶ್ರಾಂತ ಕೋಶದಾಗೂ ಇರ್ತದ. ಐಬಾ1 ಒಳಗೆ ಸಿಡಿ68 ಎಷ್ಟು ಶೇಕಡಾ ಜಾಗ ತುಂಬೈತಿ, ಅದನ್ನ ಅಳೀರಿ. 40x, 1 ಮೈಕ್ರಾನ್ ಹೆಜ್ಜೆಯ ಝಡ್-ಸ್ಟ್ಯಾಕ್ (ಆಳದಾಗ ಪದರ ಪದರವಾಗಿ ತೆಗೆದ ಚಿತ್ರ), ಎಲ್ಲಾ ಚಿತ್ರಕ್ಕೂ ಒಂದೇ ಎಕ್ಸ್‌ಪೋಷರ್, ಒಂದೇ ಥ್ರೆಶೋಲ್ಡ್. ಗುಂಪಿನ ಹೆಸರು ಮುಚ್ಚಿಟ್ಟೇ ಎಣಿಸಬೇಕು.

ಪ್ಲಾಕ್‌ಗೆ (ಮಿದುಳಿನಾಗ ಸೇರುವ ಅಮೈಲಾಯ್ಡ್ ಗಡ್ಡೆ) ಮೆಥಾಕ್ಸಿ-ಎಕ್ಸ್04 ಬಣ್ಣ ಹಾಕಿದರೆ ಡಿಎಪಿಐ (ಕೋಶಕೇಂದ್ರದ ಬಣ್ಣ) ಬಿಡ್ರಿ, ಎರಡೂ ನೀಲಿ. ಪ್ಲಾಕ್ ಅಂಚಿನಿಂದ 20 ಮೈಕ್ರಾನ್ ಒಳಗಿನ ಕೋಶಗಳನ್ನ ಬೇರೆ, ದೂರದವನ್ನ ಬೇರೆ ಅಳೀರಿ. ಔಷಧ ಪ್ಲಾಕನ್ನೇ ಕಡಿಮೆ ಮಾಡಿದ್ರ ಮೈಕ್ರೋಗ್ಲಿಯಾ ತಾನಾಗಿ ತಣ್ಣಗಾಗ್ತದ. ಪ್ರತಿ ಪ್ಲಾಕಿನ ಲೆಕ್ಕ ಇಲ್ಲದೆ ಔಷಧ ನೇರ ಮೈಕ್ರೋಗ್ಲಿಯಾ ಮ್ಯಾಲೆ ಕೆಲಸ ಮಾಡ್ತು ಅಂತ ಬರೀಬ್ಯಾಡ್ರಿ. ಹೆಣ್ಣಿಲಿಯಲ್ಲಿ ಪ್ಲಾಕ್ ಜಾಸ್ತಿ, ಗಂಡು-ಹೆಣ್ಣು ಕಲಸಿದ್ರ ಫಲಿತಾಂಶ ಕೆಡ್ತದ. ಎನ್ (ಮಾದರಿ ಸಂಖ್ಯೆ) ಅಂದ್ರ ಇಲಿ, ಸೆಕ್ಷನ್ ಅಲ್ಲ.

ಪ್ರಶ್ನೆ ಕೇಳಿದವರು
ಧನ್ಯವಾದ್ರಿ ಇಬ್ಬರಿಗೂ. ಫ್ಲೋ ಸೈಟೊಮೆಟ್ರಿಯಿಂದ (ಬಿಡಿ ಕೋಶಗಳನ್ನ ಒಂದೊಂದಾಗಿ ಲೇಸರಿನಲ್ಲಿ ಅಳೆಯುವುದು) ಖಚಿತ ಮಾಡಿಕೊಳ್ಳಬಹುದಾ?

ಉತ್ತರ 1 (ವಿಜಯಪುರ)
ಮಾಡಬಹುದು, ಆದರ ಕೋಶ ಬಿಡಿಸಲು 37 ಡಿಗ್ರಿಯಲ್ಲಿ ಎಂಜೈಮ್ ಹಾಕಿದ್ರ ಆ ಬಿಸಿಗೇ ಕೋಶಗಳು ಕೆರಳ್ತಾವು, ಫಾಸ್, ಜೂನ್ ಜೀನ್‌ಗಳು ಏರ್ತಾವು. ಮಂಜುಗಡ್ಡೆ ಮ್ಯಾಲೆ ಗಾಜಿನ ಕೈ ಅರೆಕವಾದ ಡೌನ್ಸ್‌ನಿಂದ ಅರೀರಿ. ಸಿಡಿ11ಬಿ ಪಾಸಿಟಿವ್, ಸಿಡಿ45 ಮಧ್ಯಮ ಗೇಟ್ ಹಾಕಿ (ಮೈಕ್ರೋಗ್ಲಿಯಾ ಆರಿಸಿಕೊಂಡು), ಕ್ಲೆಕ್7ಎ (ಸಕ್ರಿಯ ಕೋಶದ ಗುರುತು) ಏರಿತಾ, ಪಿ2ಆರ್‌ವೈ12 (ವಿಶ್ರಾಂತ ಕೋಶದ ಗುರುತು) ಇಳೀತಾ ನೋಡ್ರಿ. ಅದಕ್ಕ ಬೇರೆ ಇಲಿಗಳನ್ನ ಈಗಲೇ ತೆಗೆದಿಡ್ರಿ, ಪಿಎಫ್‌ಎ ತಾಗಿದ ಮಿದುಳು ಇದಕ್ಕ ಬರೋದಿಲ್ಲ.